ಬಳ್ಳಾರಿ ಜಾಲಿ ತೆಗೆಯಲು ಲೋಡರ್ ಗ್ರ್ಯಾಪಲ್: ಎರಡು ಬೇಸಿಗೆಗಳ ಬಳಕೆಯ ನಂತರ

ಕೊಪ್ಪಳ ಜಿಲ್ಲೆಯಲ್ಲಿ ಬಹಳ ವರ್ಷ ಬೀಳುಬಿದ್ದಿದ್ದ ನಮ್ಮ 9 ಎಕರೆ ಮಸಾರಿ ಹೊಲವನ್ನು ಬಳ್ಳಾರಿ ಜಾಲಿ ಪೂರ್ತಿಯಾಗಿ ಆವರಿಸಿಕೊಂಡಿತ್ತು. ಈ ಗಿಡವನ್ನು ನೆಲಮಟ್ಟಕ್ಕೆ ಕಡಿದರೆ ಪ್ರಯೋಜನವಿಲ್ಲ; ಮಣ್ಣಿನೊಳಗೆ ಉಳಿದ ಬೊಡ್ಡೆಯಿಂದಲೇ ಮತ್ತೆ ಹತ್ತಾರು ಚಿಗುರುಗಳು ಏಳುತ್ತವೆ. ಮೊದಲು ಬಾಡಿಗೆಯ ಬ್ಯಾಕ್‌ಹೋ (ಹಿಂದೆ ಅಗೆಯುವ ತೋಳು, ಮುಂದೆ ಬಕೆಟ್ ಇರುವ ಯಂತ್ರ) ತರಿಸಿ ಬೊಡ್ಡೆ ಕೀಳಿಸಿದೆವು. ಆದರೆ ಮುಂದಿನ ಬಕೆಟ್ಟಿನಿಂದ ಕಂಟಿಯನ್ನು ತಳ್ಳಿ ಬದುವಿಗೆ ಒಟ್ಟಿದಾಗ, ಅದರೊಂದಿಗೆ ಹೊಲದ ಮೇಲ್ಮಣ್ಣೂ ಬದುವಿಗೇ ಹೋಗಿ ಬಿದ್ದಿತ್ತು. ಅದನ್ನು ಕಂಡ ಮೇಲೆಯೇ ನಮ್ಮ ಸ್ಕಿಡ್ ಸ್ಟೀರ್ ಲೋಡರಿಗೆ (ನಿಂತಲ್ಲೇ ತಿರುಗುವ, ಎತ್ತುವ ತೋಳುಗಳಿರುವ ಸಣ್ಣ ಯಂತ್ರ) ಗ್ರ್ಯಾಪಲ್, ಅಂದರೆ ದವಡೆಯಂತೆ ಕಚ್ಚಿ ಹಿಡಿಯುವ ಉಪಕರಣ, ಹಾಕಿಸಬೇಕೆಂದು ನಿರ್ಧರಿಸಿದೆ.

ಗ್ರ್ಯಾಪಲ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಬಕೆಟ್ಟಿಗೇ ಮೇಲ್ದವಡೆ ಕೂಡಿಸಿದ್ದು ಒಂದು. ಅದರ ತಳ ಮುಚ್ಚಿರುವುದರಿಂದ ಕಲ್ಲು, ಕಟ್ಟಡದ ಒಡಕು ಸಾಗಿಸಲು ಚೆನ್ನ, ಜಾಲಿಗೆ ಅಲ್ಲ. ಇನ್ನೊಂದು ಬರೀ ಬಾಗಿದ ಹಲ್ಲುಗಳ ರೂಟ್ ಗ್ರ್ಯಾಪಲ್. ನಾನು ಕೊಂಡದ್ದು ಇದನ್ನು. ಸಡಿಲಗೊಂಡ ಬೊಡ್ಡೆಯ ಅಡಿಗೆ ಹಲ್ಲು ತೂರಿಸಿ, ದವಡೆ ಮುಚ್ಚಿ, ಆಳೆತ್ತರಕ್ಕೆ ಎತ್ತಿ ಎರಡು ಸಲ ಅಲುಗಿಸಿದರೆ, ಬೇರಿಗೆ ಅಂಟಿದ ಕೆಂಪು ಮಣ್ಣು ಹಲ್ಲುಗಳ ನಡುವಿನಿಂದ ಅದೇ ಕುಳಿಗೆ ಉದುರುತ್ತದೆ. ದವಡೆಯಲ್ಲಿ ಮುಂಗೈ ದಪ್ಪದ ಬೇರುಗಳಷ್ಟೇ ಉಳಿಯುತ್ತವೆ. ಈ ಉಪಕರಣದ ಬೆಲೆ ಇರುವುದೇ ಈ ಕೆಲಸದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಕೊಳ್ಳುವವರು ಅದು ಎಷ್ಟು ಹಿಡಿಯುತ್ತದೆ ಎಂದು ಕೇಳುವ ಮೊದಲು ಹಲ್ಲುಗಳ ಅಂತರವನ್ನು ಅಳೆಯಬೇಕು. ನಮ್ಮದರಲ್ಲಿ 18 ಸೆಂಟಿಮೀಟರ್ ಇದೆ. ಅದಕ್ಕಿಂತ ಕಿರಿದಾದರೆ ಹೆಂಟೆ ಸಿಕ್ಕಿಕೊಳ್ಳುತ್ತದೆ, ತೀರಾ ಅಗಲವಾದರೆ ಸಣ್ಣ ಬೇರುಗಳೂ ಜಾರಿಬೀಳುತ್ತವೆ.

ಮೇಲ್ದವಡೆ ಒಂದೇ ಇರುವುದಕ್ಕಿಂತ ಎರಡು ಬಿಡಿ ದವಡೆಗಳಿರುವುದು ಮೇಲು. ಜಾಲಿಯ ಹೊರೆ ಎಂದೂ ಸಮನಾಗಿರುವುದಿಲ್ಲ. ಒಂದು ಬದಿಗೆ ದಪ್ಪ ಬೊಡ್ಡೆ, ಇನ್ನೊಂದು ಬದಿಗೆ ತೆಳು ಕೊಂಬೆಗಳಿದ್ದಾಗ ಒಂಟಿ ದವಡೆ ಬೊಡ್ಡೆಗೆ ತಾಗಿ ನಿಂತುಬಿಡುತ್ತದೆ, ಕೊಂಬೆಗಳು ಸಡಿಲವಾಗಿ ಉಳಿದು ದಾರಿಯುದ್ದಕ್ಕೂ ಉದುರುತ್ತವೆ.

ತೂಕದ ಲೆಕ್ಕವನ್ನು ಹಲವರು ಮರೆಯುತ್ತಾರೆ. ಗಾಲಿಯ ಸ್ಕಿಡ್ ಸ್ಟೀರ್ ಲೋಡರಿನ ಎತ್ತುವ ಸಾಮರ್ಥ್ಯವೆಂದು ನಮೂದಿಸುವುದು, ಯಂತ್ರ ಮುಂದಕ್ಕೆ ವಾಲುವ ಭಾರದ ಅರ್ಧವನ್ನು. ಅದೂ ಮಾಮೂಲಿ ಬಕೆಟ್ ಇಟ್ಟುಕೊಂಡು ಅಳೆದದ್ದು. ಗ್ರ್ಯಾಪಲ್ ಆ ಬಕೆಟ್ಟಿಗಿಂತ 150 ಕಿಲೋ ಹೆಚ್ಚು ತೂಗಿದರೆ, ಕಡಿಮೆಯೆಂದರೂ ಅಷ್ಟು ಭಾರವನ್ನು ಹೊರೆಯಲ್ಲಿ ಬಿಟ್ಟುಕೊಡಬೇಕಾಗುತ್ತದೆ. ಹೈಡ್ರಾಲಿಕ್ ವಿಷಯದಲ್ಲಿ ಹೆಚ್ಚು ಚಿಂತೆ ಬೇಡ, ದವಡೆ ಆಡಿಸಲು ಲೋಡರಿನ ಮಾಮೂಲಿ ಆಯಿಲ್ ಹರಿವೇ ಸಾಕು.

ನನಗೆ ಕಷ್ಟ ಕೊಟ್ಟದ್ದು ಈ ಆಯಿಲ್ ಹಾಯುವ ಹೋಸ್ ಪೈಪು. ತಯಾರಿಸಿಕೊಟ್ಟ ವರ್ಕ್‌ಶಾಪಿನವರು ಅದನ್ನು ದವಡೆಯ ಹೊರಮೈ ಮೇಲೆಯೇ ಹಾಯಿಸಿದ್ದರು. ಮೂರನೆಯ ದಿನ ಬಾಗಿದ ಕೊಂಬೆಯೊಂದು ಸಿಡಿದು ಬಂದು ಪೈಪು ಕಿತ್ತುಹೋಯಿತು. ಕಾದ ಆಯಿಲ್ ಕ್ಯಾಬಿನ್ನಿನ ಗಾಜಿಗೆ ಎರಚಿತು. ಗಾಜು ಇರದಿದ್ದರೆ ಆಪರೇಟರ್ ಹುಡುಗನ ಮುಖ ಸುಡುತ್ತಿತ್ತು. ಅದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ದೂರಿಕೊಂಡಾಗ ಅವರು ಪೈಪನ್ನು ಮಾತ್ರ ಬದಲಿಸಿಕೊಟ್ಟರು, ದಾರಿಯನ್ನಲ್ಲ. ಕೊನೆಗೆ ನಾವೇ ಊರಿನ ವೆಲ್ಡರ್ ಕೈಯಿಂದ ಸಿಲಿಂಡರಿಗೂ ಪೈಪಿಗೂ 6 ಮಿಲಿಮೀಟರ್ ಪ್ಲೇಟಿನ ಮರೆ ಮಾಡಿಸಿದೆವು. ಅನಂತರ ತೊಂದರೆಯಾಗಿಲ್ಲ. ಈ ಮರೆ ಇಲ್ಲದ ಗ್ರ್ಯಾಪಲ್ಲನ್ನು, ಬೆಲೆ ಎಷ್ಟೇ ಇಳಿಸಿದರೂ, ಕೊಳ್ಳಬೇಡಿ.

ಬೇರೂರಿ ನಿಂತ ದೊಡ್ಡ ಬೊಡ್ಡೆಯನ್ನು ತುದಿಯ ಒಂದೇ ಹಲ್ಲಿನಿಂದ ಮೀಟಿದರೆ ಹಲ್ಲು ಬಾಗುತ್ತದೆ. ಅದಕ್ಕೆ ಬ್ಯಾಕ್‌ಹೋ ಬೇಕೇ ಬೇಕು. ಎರೆ ಹೊಲದವರು ಮಣ್ಣು ಪೂರ್ತಿ ಆರುವವರೆಗೆ ಕಾಯಬೇಕು. ಹಸಿ ಎರೆಮಣ್ಣು ಹಲ್ಲುಗಳ ನಡುವೆ ಮೆತ್ತಿಕೊಂಡರೆ ರೂಟ್ ಗ್ರ್ಯಾಪಲ್ಲಿಗೂ ಬಕೆಟ್ಟಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.