ಗ್ಲೋಬಲ್ ಫಾರೆಸ್ಟ್ ವಾಚ್: ಕಾಡು ಕಾಯುವವರಿಗೆ ಎಷ್ಟು ಉಪಯೋಗ?

ಗಣಿಯ ವಿರುದ್ಧ ಅರ್ಜಿ ಹಿಡಿದು ಹೋದವರಿಗೆ ಗೊತ್ತಿರುತ್ತದೆ. ಎದುರಿನವರ ಮೊದಲ ಮಾತೇ "ಅಲ್ಲಿ ಕಾಡು ಎಲ್ಲಿತ್ತು?" ಅನ್ನೋದು. ಇದಕ್ಕೆ ಗಟ್ಟಿ ಉತ್ತರ ಬೇಕು ಅಂತಲೇ ನಾನು ಗ್ಲೋಬಲ್ ಫಾರೆಸ್ಟ್ ವಾಚ್ ಬಳಸಲು ಶುರು ಮಾಡಿದೆ. ಎಲ್ಲೆಲ್ಲಿ ಮರ ಹೋಗಿದೆ ಅಂತ ಉಪಗ್ರಹ ಚಿತ್ರಗಳಿಂದ ನಕ್ಷೆಯಲ್ಲಿ ತೋರಿಸುವ ಜಾಲತಾಣ ಇದು. ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆ ನಡೆಸುವ ಇದು ಈಗಿನ ರೂಪದಲ್ಲಿ 2014ರಿಂದ ಇದೆ. ಪೂರ್ತಿ ಉಚಿತ.

ಇದರ ದೊಡ್ಡ ಶಕ್ತಿ ಇಸವಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಿಂದ 2001ರಿಂದ ಈಚೆಗೆ ಪ್ರತಿ ವರ್ಷ ಎಲ್ಲೆಲ್ಲಿ ಮರ ಹೋಗಿದೆ ಅಂತ ಗುರುತಿಸಿದ್ದಾರೆ. ಒಂದೊಂದು ಚುಕ್ಕೆ 30 ಮೀಟರ್ ಅಗಲ. ನಕ್ಷೆಯ ಜೊತೆಗಿರುವ ವರ್ಷಗಳ ಪಟ್ಟಿಯನ್ನು ಎಳೆಯುತ್ತಾ ಹೋದರೆ ಗಣಿ ಗುಂಡಿ ವರ್ಷವರ್ಷಕ್ಕೂ ಅಗಲವಾಗುವುದು ಕಾಣುತ್ತದೆ. ಗುತ್ತಿಗೆ ಸಿಕ್ಕ ವರ್ಷ, ಮರ ಹೋದ ವರ್ಷ, ಎರಡನ್ನೂ ಅಕ್ಕಪಕ್ಕ ಇಡಿ. ಅನುಮತಿಗೆ ಮೊದಲೇ ಕೊಡಲಿ ಬಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಅಲರ್ಟ್ ವ್ಯವಸ್ಥೆಯೂ ಚೆನ್ನಾಗಿದೆ. ನಮಗೆ ಬೇಕಾದ ಜಾಗಕ್ಕೆ ಗಡಿ ಎಳೆದಿಟ್ಟರೆ ಬದಲಾವಣೆ ಕಂಡಾಗ ಇಮೇಲ್ ಬರುತ್ತದೆ. ಮೋಡ ಕವಿದರೆ ಸಾಮಾನ್ಯ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಉಷ್ಣವಲಯದ ಹಲವು ತೇವದ ಕಾಡುಗಳಿಗೆ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದ ರೇಡಾರ್ ಅಲರ್ಟ್ ಇದೆ, ಅದು ಮೋಡದ ಆಚೆಗೂ ನೋಡುತ್ತದೆ. ಒಂದು ಸಲಹೆ: ಗಡಿಯನ್ನು ಗಣಿಗೆ ಮಾತ್ರ ಎಳೆಯಬೇಡಿ, ದಾರಿಯನ್ನೂ ಸೇರಿಸಿ. ಗುಂಡಿಗಿಂತ ಮೊದಲು ಲಾರಿ ರಸ್ತೆ ಬರುತ್ತದೆ.

ಇದರ ಜೊತೆಗಾರ ಆ್ಯಪ್ ಫಾರೆಸ್ಟ್ ವಾಚರ್ ನನಗೆ ಇನ್ನೂ ಇಷ್ಟ. ನೆಟ್‌ವರ್ಕ್ ಇಲ್ಲದ ಕಡೆಯೂ ಅಲರ್ಟ್ ಬಂದ ಜಾಗಕ್ಕೆ ದಾರಿ ತೋರಿಸುತ್ತದೆ. ಅಲ್ಲಿ ನಿಂತು ಫೋಟೋ ತೆಗೆದು ವರದಿ ತುಂಬಬಹುದು. ಪೆರುವಿನ ಲೊರೆಟೊದಲ್ಲಿ ಮೂಲನಿವಾಸಿ ಸಮುದಾಯಗಳು ಇಂಥದ್ದೇ ಅಲರ್ಟ್ ಹಿಡಿದು ಕಾಡು ಕಾದಾಗ ಏನಾಯಿತು ಅಂತ 2021ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮೊದಲ ವರ್ಷ ಕಾಡು ನಾಶ 52%ರಷ್ಟು ಇಳಿದಿತ್ತು, ಎರಡನೇ ವರ್ಷ 21%ರಷ್ಟು. ಇಂಟರ್ನೆಟ್ ಇಲ್ಲದ ಆ ಊರುಗಳಿಗೆ ನದಿಯ ಮೇಲೆ ಪೆನ್‌ಡ್ರೈವ್‌ನಲ್ಲಿ ಮಾಹಿತಿ ಹೋಗುತ್ತಿತ್ತು! ಇದನ್ನು ಓದಿದಾಗ ನನಗೆ ತುಂಬಾ ಧೈರ್ಯ ಬಂತು.

ಈಗ ಕೊರತೆ. ನನ್ನನ್ನು ಹೆಚ್ಚು ಕಾಡುವುದು ಹುಲ್ಲುಗಾವಲು. ಈ ವಾರ್ಷಿಕ ನಕ್ಷೆ ಲೆಕ್ಕಕ್ಕೆ ತೆಗೆದುಕೊಳ್ಳುವುದು 5 ಮೀಟರ್‌ಗಿಂತ ಎತ್ತರದ ಗಿಡಮರಗಳನ್ನು ಮಾತ್ರ. ಬೆಟ್ಟದ ನೆತ್ತಿಯ ಹುಲ್ಲನ್ನೋ ಕುರುಚಲನ್ನೋ ಕೆರೆದು ಅದಿರು ತೆಗೆದರೆ ಇಲ್ಲಿ ಒಂದು ಚುಕ್ಕೆಯೂ ಮೂಡದಿರಬಹುದು. ಗಣಿಯವರು ಅದನ್ನೇ ತೋರಿಸಿ "ನೋಡಿ, ಏನೂ ಹಾನಿಯಾಗಿಲ್ಲ" ಅಂದರೆ? ಅಂಥ ಕಡೆ ಈ ನಕ್ಷೆಯನ್ನು ನಂಬಿ ಕೂರಬೇಡಿ, ಹಳೆಯ ಹೊಸ ಉಪಗ್ರಹ ಚಿತ್ರಗಳನ್ನೇ ಹೋಲಿಸಿ. ಇನ್ನೊಂದು, ನೆಡುತೋಪಿನ ಕಟಾವು, ಬೆಂಕಿ, ಬಿರುಗಾಳಿ ಎಲ್ಲವೂ ಒಂದೇ ಬಣ್ಣದಲ್ಲಿ ಬರುತ್ತವೆ. ಒಟ್ಟು ಹೆಕ್ಟೇರನ್ನು ಹಾಗೇ ಎತ್ತಿ ಅರ್ಜಿಯಲ್ಲಿ ಬರೆದರೆ ಎದುರು ವಕೀಲರು ಸುಮ್ನೆ ಬಿಡುವುದಿಲ್ಲ.

ಹಾಗಾಗಿ ಕಾಲ್ನಡಿಗೆ ತಪ್ಪದು. ಈಕ್ವೆಡಾರ್‌ನ ಸಿನಾಂಗೋಯೆ ಊರಿನ ಕೊಫಾನ್ ಮೂಲನಿವಾಸಿಗಳು ಕಾಡಿನಲ್ಲಿ ಗಸ್ತು ತಿರುಗಿ, ಎದುರು ಯಾರಾದರೂ ಸುಳಿದರೆ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಡ್ರೋನ್ ಹಾರಿಸಿ ಸಾಕ್ಷಿ ಕೂಡಿಸಿದರು. 2018ರಲ್ಲಿ ಅಲ್ಲಿನ ನ್ಯಾಯಾಲಯ 52 ಚಿನ್ನದ ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು.

ಜಾಲತಾಣದಲ್ಲಿ ಕನ್ನಡ ಇಲ್ಲ, ಅದು ಬೇಸರದ ವಿಷಯ. ಕಾಡನ್ನು ಚೆನ್ನಾಗಿ ಬಲ್ಲ ಹಿರಿಯರಿಗೆ ಇದರಿಂದ ಕಷ್ಟ. ಆದರೆ ಆ್ಯಪ್‌ನ ವರದಿಯ ಪ್ರಶ್ನೆಗಳನ್ನು ನಾವೇ ಬರೆದುಕೊಳ್ಳಬಹುದು. ಗುಂಪಿನಲ್ಲಿ ಒಬ್ಬರು ಕಂಪ್ಯೂಟರ್ ಮುಂದೆ ಕೂತು ಗಡಿ ಎಳೆಯಲಿ, ದಾರಿ ಗೊತ್ತಿರುವವರು ಫೋನ್ ಹಿಡಿದು ನಡೆಯಲಿ. ಹೀಗೆ ಇಬ್ಬರು ಸೇರುವುದಾದರೆ ಖಂಡಿತ ಬಳಸಿ.