ಕಲಬುರಗಿ ಬಿಸಿಲಿಗೆ ಕೆಂಪು ಬಣ್ಣ ತಡೆಯುತ್ತಾ? ಕೆಲವು ಬೇಸಿಗೆ ದಾಟಿದ ಮನೆಯ ವಿಮರ್ಶೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಮನೆಯ ಮುಂಭಾಗಕ್ಕೆ ಹೊಡೆಸಿದ ಇಟ್ಟಿಗೆ ಕೆಂಪು ಇವತ್ತಿಗೂ ಗಟ್ಟಿಯಾಗಿದೆ. ಐದಕ್ಕೆ ನಾಲ್ಕೂವರೆ. ತಲಬಾಗಿಲಿನ ಕುಂಕುಮ ಕೆಂಪು ನೋಡಲು ಚಂದ, ಆದರೆ ಆಗಾಗ ಕೈಕೆಲಸ ಕೇಳುತ್ತದೆ. ಅದಕ್ಕೆ ನಾಲ್ಕು. ತಾರಸಿ ಅಂಚಿನ ಪ್ಯಾರಾಪೆಟ್ ಪಟ್ಟಿಗೆ ಮಗನ ಹಟಕ್ಕೆ ಹೊಡೆಸಿದ ಮಿರಿಮಿರಿ ಕೆಂಪಿಗೆ ಒಂದೂವರೆ. ಆ ಅರ್ಧವೂ ಮೊದಲ ದೀಪಾವಳಿಯ ಫೋಟೋ ಚೆನ್ನಾಗಿ ಬಂತು ಅಂತ.

ಕಂಪನಿ ಹೆಸರು ಬರೆದಿಲ್ಲ ಅಂತ ಬೈಯಬೇಡಿ. ಗೋಡೆಗೂ ಪಟ್ಟಿಗೂ ಒಂದೇ ಕಂಪನಿಯ, ಒಂದೇ ದರ್ಜೆಯ ಹೊರಗೋಡೆ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಬಣ್ಣ) ಹಾಕಿಸಿದ್ದು. ಅಂಗಡಿ ಒಂದೇ, ಪೇಂಟರೂ ಅವರೇ. ಆದರೂ ಒಂದು ಉಳಿಯಿತು, ಒಂದು ಹೋಯಿತು. ಡಬ್ಬಿಯೊಳಗೆ ಅಂಗಡಿಯ ಬಣ್ಣ ಬೆರೆಸುವ ಮಷೀನು ಯಾವ ಕೆಂಪನ್ನು ಸುರಿಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕೆಂಪಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಐರನ್ ಆಕ್ಸೈಡ್. ಇಟ್ಟಿಗೆ ಕೆಂಪು, ಕಾವಿ, ಕೆಮ್ಮಣ್ಣು, ಹೆಂಚಿನ ಬಣ್ಣ ಇವೆಲ್ಲ ಹೆಚ್ಚಾಗಿ ಇದರಿಂದಲೇ ಬರುತ್ತವೆ. ನಿಜ ಹೇಳಬೇಕೆಂದರೆ ಅದು ಕಬ್ಬಿಣದ ತುಕ್ಕು. ತುಕ್ಕಿಗೆ ಬಿಸಿಲು ಇನ್ನೇನು ಮಾಡೀತು? ಸಿಮೆಂಟಿನ ಸುಣ್ಣದಂಶಕ್ಕೂ ಅದು ಜಗ್ಗುವುದಿಲ್ಲ. ಹಳೆ ಮೈಸೂರು ಕಡೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ನೋಡಿರುತ್ತೀರಲ್ಲ, ಎಷ್ಟು ಒರೆಸಿದರೂ ಕೆಂಪು ಹೋಗದೆ ಮಿಂಚುತ್ತಿರುತ್ತದೆ. ಅದೇ ಪುಡಿ. ನಮ್ಮ ಕಡೆ ನೆಲಕ್ಕೆಲ್ಲ ಶಹಾಬಾದ್ ಫರಸಿ ಇರುವುದರಿಂದ ಆ ನೆಲ ಅಷ್ಟಾಗಿ ಕಾಣಸಿಗುವುದಿಲ್ಲ.

ಇನ್ನೊಂದು ಆರ್ಗ್ಯಾನಿಕ್ ಕೆಂಪು. ಸಾವಯವ ತರಕಾರಿಯ ಆರ್ಗ್ಯಾನಿಕ್ ಅಲ್ಲ, ಕಾರ್ಖಾನೆಯಲ್ಲಿ ರಾಸಾಯನಿಕದಿಂದ ತಯಾರಾಗುವ ಬಣ್ಣ. ಶೇಡ್ ಕಾರ್ಡಿನಲ್ಲಿ ಕಣ್ಣಿಗೆ ಹೊಡೆಯುವ ಕೆಂಪುಗಳೆಲ್ಲ ಬಹುತೇಕ ಇವೇ. ಇದರಲ್ಲಿ ಒಳ್ಳೆಯವೂ ಇವೆ, ಕಾರಿಗೆ ಹಾಕುವಂಥವು, ಬೆಲೆ ಜಾಸ್ತಿ. ಉಳಿದವುಗಳ ಅಣುವನ್ನು ಬಿಸಿಲಿನ ನೇರಳಾತೀತ ಕಿರಣ ಮುರಿಯುತ್ತಾ ಹೋಗುತ್ತದೆ. ಮುರಿದರೆ ಬಣ್ಣ ಸತ್ತಂತೆ.

ಬೀದರಿಗೆ ಹೋದಾಗ ಕೋಟೆ ಗೋಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ಲ್ಯಾಟರೈಟ್ ಕಲ್ಲು, ಅದರ ಕೆಂಪಿಗೂ ಐರನ್ ಆಕ್ಸೈಡೇ ಕಾರಣ. ಬಹಮನಿಯವರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದರು. ಅಂದಿನಿಂದ ಆ ಗೋಡೆ ಬಿಸಿಲು ತಿನ್ನುತ್ತಲೇ ಇದೆ, ಇನ್ನೂ ಕೆಂಪಾಗಿದೆ. ಶೇಡ್ ಆರಿಸುವಾಗ ನಾನು ಅಂಗಡಿಯವರಿಗೆ ಕೇಳಿದ್ದು ಇಷ್ಟೇ: "ಬೀದರ್ ಕೋಟಿ ಕಲ್ಲಿನ ಬಣ್ಣ ಬರ್ತದೇನ್ರಿ?" ಅವರು ಕಂಪ್ಯೂಟರ್ ನೋಡಿ, "ಇದರಾಗ ಆಕ್ಸೈಡೇ ಜಾಸ್ತಿ ಬೀಳ್ತದ್ರಿ" ಅಂದರು. ನೀವೂ ಕೇಳಿ. ಟಿಂಟಿಂಗ್ ಮಷೀನಿನಲ್ಲಿ ಯಾವ ಕಲರೆಂಟ್, ಅಂದರೆ ಬೆರೆಸುವ ಬಣ್ಣ, ಎಷ್ಟು ಬೀಳುತ್ತದೆ ಅನ್ನುವ ಫಾರ್ಮುಲಾ ಪರದೆ ಮೇಲೆ ಬರುತ್ತದೆ. ತೋರಿಸು ಅಂದರೆ ತೋರಿಸುತ್ತಾರೆ. ನಾಚಿಕೆ ಯಾಕೆ, ದುಡ್ಡು ನಮ್ಮದು ಅಲ್ವಾ?

ಈಗ ಪಟ್ಟಿಯ ಕತೆ. ಮಗನಿಗೆ ಕಾರಿನಂಥ ಕೆಂಪು ಬೇಕಿತ್ತು. ಅಂಥ ಕೆಂಪಿಗೆ ಅಂಗಡಿಯವರು ಬಿಳಿ ಬೇಸ್ (ಬಣ್ಣ ಬೆರೆಸುವ ಮೂಲ ಪೇಂಟು) ತೆಗೆದುಕೊಳ್ಳುವುದಿಲ್ಲ. ಬಿಳಿ ಪಿಗ್ಮೆಂಟ್, ಅಂದರೆ ಬಣ್ಣದ ಪುಡಿ, ಬಹಳ ಕಡಿಮೆ ಇರುವ ಅಥವಾ ಇಲ್ಲವೇ ಇಲ್ಲದ ಬೇಸ್ ಬೇಕು, ಇಲ್ಲದಿದ್ದರೆ ಕೆಂಪು ಗುಲಾಬಿಯಾಗಿಬಿಡುತ್ತದೆ. ಆದರೆ ಗೋಡೆಯನ್ನು ಮುಚ್ಚುವ ಕೆಲಸ ಹೆಚ್ಚಾಗಿ ಮಾಡುವುದು ಆ ಬಿಳಿಯೇ. ಅದಿಲ್ಲದ ಬಣ್ಣ ಒಂದೆರಡು ಕೈ ಹೊಡೆದರೂ ಒಳಗಿನದು ಇಣುಕುತ್ತದೆ. ಪೇಂಟರು ಮೊದಲ ದಿನವೇ ಹೇಳಿದ್ದರು: "ಎರಡು ಕೋಟ್‌ಗಿ ಮುಗಿಯಂಗಿಲ್ರಿ ಸರ್, ಈ ಕೆಂಪಿಗಿ ಮೂರು ನಾಕು ಬೇಕೇ ಬೇಕು." ಅವರು ಹೇಳಿದಂತೆಯೇ ಆಯಿತು. ಕೆಳಗೆ ತಿಳಿ ಬೂದು ಬಣ್ಣದ ಪ್ರೈಮರ್ ಹೊಡೆದದ್ದರಿಂದ ಒಂದು ಕೋಟ್ ಉಳಿಯಿತು. ಕಡು ಕೆಂಪು ಹಾಕುವವರು ಬಿಳಿ ಪ್ರೈಮರ್ ಮೇಲೆ ನೇರವಾಗಿ ಹೋಗಬೇಡಿ, ಪ್ರೈಮರಿಗೇ ಸ್ವಲ್ಪ ಬೂದು ಬೆರೆಸಲು ಹೇಳಿ.

ಹೊಡೆದಾಗ ಬೆಂಕಿ! ಬೀದಿ ತುದಿಯಿಂದಲೇ ಕಾಣುತ್ತಿತ್ತು. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಪಡುವಣ ದಿಕ್ಕಿನ ಪಟ್ಟಿ ತೊಳೆದು ತೊಳೆದು ಹಾಕಿಕೊಂಡ ಅಂಗಿಯಂತಾಯಿತು. ಬಡಗಣ ದಿಕ್ಕಿನದು ಅಷ್ಟು ಕೆಟ್ಟಿಲ್ಲ. ಒಂದೇ ಡಬ್ಬಿಯ ಬಣ್ಣ, ಮೂಲೆ ತಿರುಗಿದರೆ ಬೇರೆ ಕೆಂಪು. ಈಗ ಆ ಪಟ್ಟಿಯ ಮೇಲೆ ಬೆರಳು ಎಳೆದರೆ ತಿಳಿ ಗುಲಾಬಿ ಪುಡಿ ಅಂಟುತ್ತದೆ. ಇದಕ್ಕೆ ಚಾಕಿಂಗ್ ಅನ್ನುತ್ತಾರೆ. ಬಣ್ಣವನ್ನು ಹಿಡಿದಿಡುವ ಅಂಟು ಬಿಸಿಲಿಗೆ ಸವೆದು, ಪುಡಿ ಮೇಲೆ ಬರುತ್ತದೆ. ಇಟ್ಟಿಗೆ ಕೆಂಪಿನ ಗೋಡೆಗೂ ಬೆರಳು ಎಳೆದು ನೋಡಿದೆ. ಅಲ್ಲಿ ಬಂದದ್ದು ಬರೀ ಧೂಳು.

ದಿಕ್ಕಿನ ಮಾತು ಬಂತಲ್ಲ, ಒಂದು ವಿಷಯ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಕಡು ಕೆಂಪು ಗೋಡೆ ಬೆಳಕಿನಲ್ಲಿ ಐದನೇ ಒಂದು ಭಾಗವನ್ನೂ ವಾಪಸ್ ಕಳಿಸುವುದಿಲ್ಲ. ಒಳ್ಳೆಯ ಬಿಳಿ ಐದರಲ್ಲಿ ನಾಲ್ಕು ಭಾಗ ಕಳಿಸುತ್ತದೆ. ಉಳಿದದ್ದು ಗೋಡೆಯೊಳಗೆ ಹೋಗಿ, ರಾತ್ರಿ ನಾವು ಮಲಗುವ ಹೊತ್ತಿಗೆ ಕೋಣೆಯೊಳಗೆ ಬರುತ್ತದೆ. ಪಡುವಣ ಗೋಡೆಗೆ ಕೆಂಪು ಬೇಡ ಅಂತ ನಾನು ಪಟ್ಟು ಹಿಡಿದದ್ದು ಇದಕ್ಕೇ. ಪ್ಯಾರಾಪೆಟ್ ಪಟ್ಟಿ ಬಿಟ್ಟರೆ ಕೆಂಪು ಇರುವುದು ಪೂರ್ವಕ್ಕಿರುವ ಮುಂಭಾಗ ಮತ್ತು ಮೆಟ್ಟಿಲಿನ ಕೋಣೆಗೆ ಮಾತ್ರ. ಉಳಿದದ್ದೆಲ್ಲ ತಿಳಿ ಕೆನೆ ಬಣ್ಣ. ಮೆಟ್ಟಿಲ ಕೋಣೆ ಕಾದರೆ ಕಾಯಲಿ, ಅಲ್ಲಿ ಯಾರೂ ಮಲಗುವುದಿಲ್ಲ.

ಅಪ್ಪಟ ಬಿಳಿ ಹಾಕದೆ ಕೆನೆ ಬಣ್ಣ ಯಾಕೆ ಅಂದರೆ, ಕೆಂಪು-ಬಿಳಿ ಅಕ್ಕಪಕ್ಕ ಬಂದರೆ ಗುಡಿಯ ಗೋಡೆ ಅನ್ನಿಸುತ್ತದೆ. ದಾರಿಯಲ್ಲಿ ಹೋಗುವವರು ಕೈಮುಗಿದು ಹೋದರೂ ಹೋದಾರು. ಇಟ್ಟಿಗೆ ಕೆಂಪಿಗೆ ಒಳ್ಳೆ ಜೋಡಿ ನಮ್ಮ ಶಹಾಬಾದ್ ಕಲ್ಲಿನ ಬೂದು. ಕಂಬಕ್ಕೆ, ಕಾಂಪೌಂಡಿಗೆ ಆ ಕಲ್ಲು ಇದ್ದರೆ ಬೇರೆ ಅಲಂಕಾರ ಬೇಕಿಲ್ಲ.

ಕೆಂಪು ಗೋಡೆಯ ದೊಡ್ಡ ಶತ್ರು ಬಿಸಿಲು ಅಂದುಕೊಂಡಿದ್ದೀರಾ? ನಮ್ಮ ಮನೆಯಲ್ಲಿ ಅದು ಕೂಲರ್. ಕಿಟಕಿಗೆ ಕೂರಿಸಿದ ಕೂಲರಿನಿಂದ ತೊಟ್ಟಿಕ್ಕುವ ನೀರು ಬೋರ್‌ವೆಲ್‌ನದು, ಗಡಸು ನೀರು. ಕೆಂಪಿನ ಮೇಲೆ ಇಳಿದು ಒಣಗಿದ ಕಡೆಯಲ್ಲೆಲ್ಲ ಬಿಳಿ ಗೆರೆ. ಒಂದು ಬೇಸಿಗೆ ಮುಗಿಯುವುದರೊಳಗೆ ಕಿಟಕಿ ಕೆಳಗೆ ವಿಭೂತಿ ಬಳಿದ ಹಾಗೆ ಪಟ್ಟೆ ಪಟ್ಟೆ. ನೀರಿನ ಟ್ಯಾಂಕ್ ತುಂಬಿ ಸೋರುವ ಜಾಗದಲ್ಲೂ ಇದೇ ಪಾಡು. ಕೆನೆ ಗೋಡೆಯ ಮೇಲೂ ಅಷ್ಟೇ ಸುಣ್ಣ ಕೂತಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಆಸಿಡ್ ಹಾಕಿ ತೊಳೆಯಬೇಡಿ, ಗೆರೆಯ ಜೊತೆಗೆ ಬಣ್ಣದ ಕಳೆಯೂ ಹೋಗುತ್ತದೆ. ಮೆತ್ತನೆ ಬ್ರಶ್ಶಿನಿಂದ ಆಗಾಗ ಉಜ್ಜಿ. ಕೂಲರಿಗೆ ಒಂದು ಪೈಪು ಜೋಡಿಸಿ ನೀರನ್ನು ನೆಲಕ್ಕೆ ಇಳಿಸಿ, ಇನ್ನೂ ಒಳ್ಳೆಯದು.

ಇನ್ನೊಂದು ಕಾಟ ಎರೆಮಣ್ಣಿನದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪಾಯ ಎಷ್ಟೇ ಗಟ್ಟಿಯಿದ್ದರೂ ಕಿಟಕಿ ಮೂಲೆಯಿಂದ ಕೂದಲೆಳೆಯಷ್ಟು ಬಿರುಕು ಬರುವುದು ನಮ್ಮ ಊರಲ್ಲಿ ಹೊಸದೇನಲ್ಲ. ತಿಳಿ ಗೋಡೆಯಲ್ಲಿ ಬಿರುಕು ಮುಚ್ಚಿ ಒಂದು ಕೈ ಬಣ್ಣ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಂಪಿನಲ್ಲಿ ಆ ತೇಪೆ ದೂರದಿಂದಲೇ ಕಾಣುತ್ತದೆ. ಅದೇ ಶೇಡ್ ನಂಬರ್, ಅದೇ ಬೇಸ್ ತಂದರೂ ಬಿಸಿಲು ತಿಂದ ಗೋಡೆಗೂ ಹೊಸ ಬಣ್ಣಕ್ಕೂ ಹೊಂದುವುದಿಲ್ಲ. ನಮ್ಮ ಪೇಂಟರ ಉಪಾಯ: ತೇಪೆ ಹಾಕಬೇಡಿ, ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಆ ಗೋಡೆಯೊಂದನ್ನೇ ಪೂರ್ತಿ ಹೊಡೆಯಿರಿ. ಮೂಲೆಯಲ್ಲಿ ನೆರಳು ಬದಲಾಗುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದಕ್ಕಿಂತ ಜಾಸ್ತಿ ಡಬ್ಬಿ ಬೇಕಾದರೆ ಎಲ್ಲವನ್ನೂ ದೊಡ್ಡ ಡ್ರಮ್ಮಿಗೆ ಸುರಿದು ಕಲಸಿಕೊಂಡೇ ಶುರು ಮಾಡಿಸಿ. ಡಬ್ಬಿಯಿಂದ ಡಬ್ಬಿಗೆ ಕೆಂಪು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಹೊಸ ಪ್ಲಾಸ್ಟರಿಗೆ 28 ದಿನ ಆಗುವ ಮೊದಲು ಬಣ್ಣ ಬೇಡವೇ ಬೇಡ, ಅದನ್ನು ಎಲ್ಲರೂ ಹೇಳುತ್ತಾರೆ.

ಹೊಗಳಲಿಕ್ಕೂ ಒಂದಿದೆ. ಮಳೆಗಾಲದಲ್ಲಿ ಗೋಡೆಯ ಬುಡಕ್ಕೆ ಸಿಡಿಯುವ ಕೆಸರು ಕೆನೆ ಗೋಡೆಯನ್ನು ಹಾಳು ಮಾಡಿಬಿಟ್ಟಿದೆ. ಇಟ್ಟಿಗೆ ಕೆಂಪಿನ ಬುಡ ಅಷ್ಟು ಹೊಲಸು ಕಾಣುವುದಿಲ್ಲ. ಹಿಂದಿನವರು ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದದ್ದು ಸುಮ್ನೆ ಅಲ್ಲ.

ಶೇಡ್ ಕಾರ್ಡಿನ ಬೆರಳಗಲದ ಚೂರು ನೋಡಿ ಕೆಂಪು ಆರಿಸಬೇಡಿ. ಅದು ಗೋಡೆ ತುಂಬ ಬಂದಾಗ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಜೋರಾಗಿ ಕಾಣುತ್ತದೆ. ಚಿಕ್ಕ ಸ್ಯಾಂಪಲ್ ಡಬ್ಬಿ ತಂದು, ಎರಡಡಿ ಚೌಕ ಗೋಡೆಗೇ ಹೊಡೆಸಿ. ಬೆಳಿಗ್ಗೆ ನೋಡಿ, ಮಟಮಟ ಮಧ್ಯಾಹ್ನ ನೋಡಿ, ರಾತ್ರಿ ಬೀದಿ ದೀಪ ಹತ್ತಿದ ಮೇಲೂ ನೋಡಿ. ಬೆಳ್ಳಗಿನ ಎಲ್‌ಇಡಿ ಬೆಳಕಿಗೆ ನಮ್ಮ ಇಟ್ಟಿಗೆ ಕೆಂಪು ಕಂದು ಬಣ್ಣವಾಗಿ ಕಾಣುತ್ತದೆ. ನನಗೆ ಪರವಾಗಿಲ್ಲ, ನಮ್ಮ ಮನೆಯವರಿಗೆ ಇವತ್ತಿಗೂ ಅದು ಸರಿಬಂದಿಲ್ಲ. ಬೇಸಿಗೆಯಲ್ಲಿ ಕೆಲಸ ಹಿಡಿಸಬೇಡಿ. ಕೈಯಿಟ್ಟರೆ ಸುಡುವ ಗೋಡೆಗೆ ಹೊಡೆದ ಬಣ್ಣ ರೋಲರ್ ಎಳೆಯುವುದರೊಳಗೆ ಒಣಗಿ ಗೆರೆ ಬೀಳುತ್ತದೆ, ಕೆಂಪಿನಲ್ಲಿ ಆ ಗೆರೆ ಎದ್ದು ಕಾಣುತ್ತದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ನಮ್ಮ ಊರಿಗೆ ಒಳ್ಳೆ ಕಾಲ.

ಇನ್ನು ತಲಬಾಗಿಲು. ಸಾಗವಾನಿದು, ಅಪ್ಪನ ಕಾಲದ್ದು. ಪೋರ್ಟಿಕೋ ಕೆಳಗೆ ಇರುವುದರಿಂದ ಬಿಸಿಲು ಬೀಳುವುದು ಬೆಳಗಿನ ಹೊತ್ತು ಮಾತ್ರ. ಆರ್ಗ್ಯಾನಿಕ್ ಕೆಂಪನ್ನು ಇಲ್ಲಿ ಧೈರ್ಯವಾಗಿ ಹಾಕಬಹುದು ಅನ್ನಿಸಿದ್ದು ಅದಕ್ಕೇ, ಹಾಗೇ ಆಯಿತು. ಬಣ್ಣ ಇನ್ನೂ ಕುಂಕುಮದಂತೆಯೇ ಇದೆ. ಮಾಮೂಲು ಎನಾಮಲ್ ಬದಲು ಪಿಯು (ಪಾಲಿಯುರೆಥೇನ್) ಎನಾಮಲ್ ತಗೊಂಡೆವು. ಬೆಲೆ ಜಾಸ್ತಿ, ಹೊಳಪು ನಿಂತಿದೆ.

ಹಳೆ ಬಣ್ಣ ಕೆರೆಯುವಾಗ ಮಾತ್ರ ಹುಷಾರಾಗಿರಿ. ಮುಂಚೆ ಮಿರುಗುವ ಕೆಂಪು, ಹಳದಿ ಎನಾಮಲ್‌ಗಳಿಗೆ ಸೀಸದ ಪಿಗ್ಮೆಂಟ್ ಹಾಕುತ್ತಿದ್ದರು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಾಗಿಲನ್ನು ಒಣಗಿದ್ದಾಗ ತಿಕ್ಕಿದರೆ ಆ ಪುಡಿ ಮಕ್ಕಳ ಮೂಗಿಗೆ, ಬಾಯಿಗೆ ಹೋಗುತ್ತದೆ. ನಾವು ನೀರು ಹಾಕಿ ವಾಟರ್ ಪೇಪರಿನಲ್ಲಿ ತಿಕ್ಕಿಸಿದೆವು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೊಮ್ಮಕ್ಕಳನ್ನು ತಂಗಿ ಮನೆಗೆ ಕಳಿಸಿದ್ದೆವು.

ಹೊಸ್ತಿಲಿಗೂ ಅದೇ ಕೆಂಪು ಹೊಡೆಯಲು ಪೇಂಟರು ಬ್ರಶ್ ಅದ್ದಿದ್ದರು. ಒಳಗಿಂದ ಅವ್ವ ಕೂಗಿದರು: "ಏ ತಮ್ಮ, ಹೊಸ್ತಿಲಿಗಿ ಕೆಂಪು ಬಳದ್ರ ನಾ ಇಡೋ ಕುಂಕುಮ ಎಲ್ಲಿ ಕಾಣ್ತದೋ?" ಮಾತು ನೂರಕ್ಕೆ ನೂರು ಸರಿ. ಹೊಸ್ತಿಲಿಗೆ ಹಳದಿಯೇ ಇತ್ತು, ಹಳದಿಯೇ ಬಂತು. ಕೆಂಪು ಬಾಗಿಲ ಕೆಳಗೆ ಅದು ಎಷ್ಟು ಚಂದ ಒಪ್ಪುತ್ತದೆ ಅಂದರೆ, ಬಂದವರು ಬಾಗಿಲಿಗಿಂತ ಮೊದಲು ಅದನ್ನೇ ಹೊಗಳುತ್ತಾರೆ.

ಬಾಗಿಲಿಗೆ ಒಂದು ಅಂಕ ಕಡಿಮೆಯಾದದ್ದು ಮಳೆಗಾಲದಿಂದ. ಮರ ಉಬ್ಬಿ ಚೌಕಟ್ಟಿಗೆ ತಾಗುತ್ತದೆ, ಅಂಚಿನ ಕೆಂಪು ಕಿತ್ತು ಚೌಕಟ್ಟಿಗೆ ಅಂಟುತ್ತದೆ. ಪ್ರತಿ ವರ್ಷ ಅಂಚಿಗೆ ಒಂದು ಕೈ ಬಣ್ಣ ಬೇಕು. ಚಿಲಕದ ಸುತ್ತ ಕೈ ತಾಗಿ ಹೊಳಪು ಸವೆದಿದೆ. ಹಬ್ಬಕ್ಕೆ ಸ್ಟಿಕ್ಕರ್ ತೋರಣ ಅಂಟಿಸಿದರೆ ಕೀಳುವಾಗ ಬಣ್ಣದ ಚಕ್ಕೆಯೂ ಬರುತ್ತದೆ. ಮಾವಿನೆಲೆಯನ್ನು ದಾರಕ್ಕೆ ಪೋಣಿಸಿ ಮೊಳೆಗೆ ಕಟ್ಟಿ, ತಂಟೆಯೇ ಇಲ್ಲ.

ಗೇಟಿನ ವಿಷಯ ಎರಡೇ ಮಾತು. ರೆಡ್ ಆಕ್ಸೈಡ್ ಪ್ರೈಮರ್ ಬಳಿದು "ಕೆಂಪೇ ಅದಲ್ಲ, ಸಾಕು" ಅಂತ ಹಾಗೇ ಬಿಡುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಪ್ರೈಮರ್ ಅನ್ನುವುದು ಮೇಲಿನ ಬಣ್ಣ ಹಿಡಿಯಲಿಕ್ಕೆ ಇರುವುದು. ನೀರನ್ನು ಅದೊಂದೇ ತಡೆಯುವುದಿಲ್ಲ, ಒಂದೆರಡು ಮಳೆಗಾಲಕ್ಕೆ ಒಳಗಿನಿಂದ ತುಕ್ಕು ಬರುತ್ತದೆ. ಮೇಲೆ ಎನಾಮಲ್ ಹೊಡೆಯಲೇಬೇಕು.

ಪ್ಯಾರಾಪೆಟ್ ಪಟ್ಟಿಯನ್ನು ಈ ದೀಪಾವಳಿಗೆ ಬದಲಿಸುತ್ತಿದ್ದೇವೆ. ಪುಡಿಯನ್ನೆಲ್ಲ ತಿಕ್ಕಿ, ತೊಳೆದು, ಒಣಗಿಸಿ, ಪ್ರೈಮರ್ ಹೊಡೆದು, ಮೇಲೆ ಗೋಡೆಯದೇ ಇಟ್ಟಿಗೆ ಕೆಂಪು. ಮಗ ಒಪ್ಪಿದ್ದಾನೆ, ಒಂದು ಷರತ್ತಿನ ಮೇಲೆ: ಅವನಿಗೆ ಬೇಕಾದ ಕೆಂಪು ಮೇಲಿನ ಮಹಡಿಯ ಕೋಣೆಯ ಬಾಗಿಲಿಗೆ ಬರಬೇಕಂತೆ. ಆ ಬಾಗಿಲಿರುವುದು ಒಳಗಡೆ, ಬಿಸಿಲು ಸುಳಿಯುವುದಿಲ್ಲ. ಹೊಡಿ ಅಂದಿದ್ದೇನೆ.