ಸೀತಾಳೆ ದಂಡೆ: ಕುಂಡವೋ, ಬುಟ್ಟಿಯೋ, ಮರವೋ?

ನಾಲ್ಕು ವರ್ಷದ ಹಿಂದೆ ಜೂನ್ ತಿಂಗಳ ಗಾಳಿಮಳೆಗೆ ನಮ್ಮ ತೋಟದಂಚಿನ ಹಳೇ ಮಾವಿನ ಮರದ ದೊಡ್ಡ ಕೊಂಬೆ ಮುರಿದು ಬಿತ್ತು. ಅದರ ಮೈಮೇಲೆ ಸೀತಾಳೆ ದಂಡೆಯ, ಅಂದರೆ ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್‌ನ, ಮೂರು ಗಿಡಗಳಿದ್ದವು. ನೆಲದಲ್ಲೇ ಬಿಟ್ಟಿದ್ದರೆ ಅದೇ ಮಳೆಗಾಲದಲ್ಲಿ ಕೊಳೆತುಹೋಗುತ್ತಿದ್ದವು. ಬೇರು ಹರಿಯದ ಹಾಗೆ ಮೂರನ್ನೂ ಬಿಡಿಸಿಕೊಂಡು ಬಂದೆ. ಒಂದನ್ನು ಮಣ್ಣಿನ ಕುಂಡದಲ್ಲಿಟ್ಟೆ, ಒಂದನ್ನು ಮರದ ಪಟ್ಟಿಯ ಬುಟ್ಟಿಯಲ್ಲಿ. ಮೂರನೆಯದನ್ನು ಅಂಗಳದ ಹಲಸಿನ ಮರಕ್ಕೆ ಕಟ್ಟಿದೆ.

ಮಲೆನಾಡಿನವರಿಗೆ ಈ ಹೂವಿನ ಪರಿಚಯ ಬೇಡ. ವನವಾಸದಲ್ಲಿ ಸೀತೆ ಮುಡಿದ ದಂಡೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅಸ್ಸಾಮಿನಲ್ಲಿ ಇದೇ ಕೊಪೌ ಫೂಲ್, ಬಿಹು ಕುಣಿಯುವ ಹೆಣ್ಣುಮಕ್ಕಳ ಮುಡಿಯ ಹೂವು, ಆ ರಾಜ್ಯದ ಹೂವೂ ಹೌದು. ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ರೆಟ್ಯೂಸಾ ಅಂದರೆ ತುದಿಯಲ್ಲಿ ಕಚ್ಚು ಇರುವುದು. ಎಲೆಯ ತುದಿ ನೋಡಿ, ಯಾರೋ ಕಚ್ಚಿ ಬಿಟ್ಟ ಹಾಗೆ ಇರುತ್ತದೆ.

ಕುಂಡದ ಕಥೆ ಬೇಗ ಮುಗಿಯುತ್ತದೆ. ತೆಂಗಿನ ನಾರು, ಸ್ವಲ್ಪ ಎಲೆಗೊಬ್ಬರ ಹಾಕಿ ನೆಟ್ಟಿದ್ದೆ. ಮೊದಲ ಎರಡು ತಿಂಗಳು ಮೂರರಲ್ಲಿ ಅದೇ ಚೆಂದ ಕಾಣುತ್ತಿತ್ತು. ಆಗಸ್ಟ್ ಕೊನೆಗೆ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಕಿತ್ತು ನೋಡಿದರೆ ಬೇರೆಲ್ಲ ಕಂದು, ಹಿಸುಕಿದರೆ ನೀರು. ಈ ಗಿಡದ ಬೇರಿಗೆ ಸ್ಪಂಜಿನಂಥ ಹೊದಿಕೆ ಇರುತ್ತದೆ. ಒಣಗಿದಾಗ ಬೆಳ್ಳಿ ಬಣ್ಣ, ನೀರು ತಾಗಿದ ಕೂಡಲೇ ಹಸಿರು. ನೀರು ಹೀರಬೇಕು, ಆಮೇಲೆ ಗಾಳಿಗೆ ಒಣಗಬೇಕು, ಅದಕ್ಕೆ ಬೇಕಾಗಿದ್ದು ಇಷ್ಟೇ. ಒದ್ದೆ ನಾರಿನೊಳಗೆ ಮುಚ್ಚಿಟ್ಟರೆ ಉಸಿರೇ ಇಲ್ಲ. ಆ ಗಿಡ ಉಳಿಯಲಿಲ್ಲ. ಇವತ್ತಿಗೂ ಬೇಜಾರಿದೆ.

ಬುಟ್ಟಿಗೆ ಬರೀ ದೊಡ್ಡ ಇದ್ದಿಲು ತುಂಡು, ನಾಲ್ಕು ಹೆಂಚಿನ ಚೂರು ಹಾಕಿದೆ. ಮಣ್ಣು ಇಲ್ಲವೇ ಇಲ್ಲ. ಜೋರು ಮಳೆ ಎಲೆಗಳ ಸುಳಿಯಲ್ಲಿ ನಿಂತು ಕೊಳೆಯಬಾರದೆಂದು ಸೂರಿನ ಕೆಳಗೆ, ಸ್ವಲ್ಪ ಓರೆಯಾಗಿ ತೂಗುಹಾಕಿದೆ. ವರ್ಷದೊಳಗೆ ಬೇರುಗಳು ಪಟ್ಟಿಯ ಸಂದಿಯಿಂದ ಹೊರಬಂದು ಗಾಳಿಯಲ್ಲಿ ಇಳಿಬಿದ್ದವು. ಕೆಲಸ ಮಾತ್ರ ಜಾಸ್ತಿ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನೀರು, ಹದಿನೈದು ದಿನಕ್ಕೊಮ್ಮೆ ಲೀಟರಿಗೆ ಅರ್ಧ ಗ್ರಾಂನಷ್ಟು 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ) ಗೊಬ್ಬರದ ನೀರು. ಎರಡು ದಿನ ಊರಿಗೆ ಹೋಗಿ ಬಂದರೂ ಎಲೆ ಸುಕ್ಕಾಗಿರುತ್ತಿತ್ತು. ಆದರೆ ಬಸವನಹುಳು ಅಲ್ಲಿಗೆ ಹತ್ತಲಿಲ್ಲ. ಅದು ದೊಡ್ಡ ಲಾಭ.

ಹಲಸಿನ ಮರದ್ದು ನನಗೆ ಬಹಳ ಭಯ ಹುಟ್ಟಿಸಿತು. ಎದೆಯೆತ್ತರದಲ್ಲಿ, ಪೂರ್ವದ ಬದಿಗೆ, ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿದ್ದೆ. ಮಳೆಗಾಲದಲ್ಲಿ ಬಸವನಹುಳು ಎಳೆಯ ಬೇರಿನ ಹಸಿರು ತುದಿಗಳನ್ನೆಲ್ಲ ತಿಂದುಬಿಟ್ಟವು. ರಾತ್ರಿ ಟಾರ್ಚ್ ಹಿಡಿದು ಆರಿಸಿ ದೂರ ಬಿಟ್ಟು ಬಂದೆ. ಮಾರ್ಚಿಗೆ ಎಲೆಗಳು ಉದ್ದಕ್ಕೆ ಮಡಿಸಿಕೊಂಡು ತೊಗಲಿನ ಹಾಗಾದವು. ಸತ್ತಿತು ಅಂದುಕೊಂಡೆ. ಎರಡು ದಿನಕ್ಕೊಮ್ಮೆ ನೀರು ಎರಚಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಎರಡನೇ ಮಳೆಗಾಲದಲ್ಲಿ ಹೊಸ ಬೇರು ತೊಗಟೆಗೆ ಅಂಟಿಕೊಂಡಿತು. ಬೆರಳಿನಿಂದ ಎಬ್ಬಿಸಲು ಹೋದರೆ ಬರುತ್ತಿರಲಿಲ್ಲ. ಆಮೇಲೆ ನಾರು ಬಿಚ್ಚಿದೆ. ಮೂರನೇ ಬೇಸಿಗೆಯಿಂದ ನೀರೂ ಹಾಕಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಎರಡೂ ಹೂ ಬಿಟ್ಟವು. ಬುಟ್ಟಿಯದ್ದು ಒಂದು ಗೊಂಚಲು, ಗೇಣುದ್ದ. ಮರದ್ದು ಎರಡು ಗೊಂಚಲು, ಒಂದೊಂದೂ ಒಂದೂವರೆ ಗೇಣು. ಬಿಳಿ ಹೂವಿನ ಮೇಲೆ ನೇರಳೆಗೆಂಪು ಚುಕ್ಕೆ, ಸಾಲಾಗಿ, ಒತ್ತೊತ್ತಾಗಿ. ಹತ್ತು ಹನ್ನೆರಡು ದಿನ ಅಂಗಳಕ್ಕೆ ಬಂದವರೆಲ್ಲ ಮೊದಲು ಅಲ್ಲಿಗೇ ಹೋಗಿ ನಿಲ್ಲುತ್ತಿದ್ದರು.

ಮಲೆನಾಡಿನಲ್ಲೋ ಕೊಡಗಿನಲ್ಲೋ ಮನೆಯಂಗಳದಲ್ಲಿ ಒರಟು ತೊಗಟೆಯ ಮರವಿದ್ದರೆ ನಾನು ಹೇಳುವುದು ಮರವನ್ನೇ. ಹಲಸು, ಮಾವು ಒಳ್ಳೆಯದು. ಪೇರಲೆ, ನೀಲಗಿರಿ ಬೇಡ. ಅವು ತೊಗಟೆ ಕಳಚುತ್ತವೆ, ಜೊತೆಗೆ ಬೇರೂ ಬೀಳುತ್ತದೆ. ಬೆಂಗಳೂರಿನ ಬಾಲ್ಕನಿಯಾದರೆ ಬುಟ್ಟಿಯೇ ಸರಿ, ಬೆಳಗಿನ ಬಿಸಿಲು ಬೀಳುವ ಕಡೆ. ಅಲ್ಲಿನ ಒಣ ಗಾಳಿಗೆ ನೀರು ಕೊಡಲು ಮನೆಯಲ್ಲಿ ಒಬ್ಬರು ಇರಲೇಬೇಕು. ಕುಂಡ ಮಾತ್ರ ಎಲ್ಲಿಯೂ ಬೇಡ.

ಗಿಡಕ್ಕಾಗಿ ಕಾಡಿಗೆ ಹೋಗಬೇಡಿ. ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇರುವುದಿಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರದ ಸಹಾಯ ಸಿಕ್ಕರಷ್ಟೇ ಮೊಳೆಯುತ್ತದೆ, ಹೂ ಬಿಡಲು ವರ್ಷಗಳೇ ಬೇಕು. ಒಂದು ಗಿಡ ಕಿತ್ತರೆ ಆ ಜಾಗ ಸುಮ್ನೆ ತುಂಬುವುದಿಲ್ಲ. ಪ್ರಯೋಗಾಲಯದಲ್ಲಿ ಬೀಜದಿಂದ ಬೆಳೆಸಿದ ಸಸಿಗಳನ್ನು ನರ್ಸರಿಗಳು ಮಾರುತ್ತವೆ, ಕೇಳಿ ತರಿಸಿಕೊಳ್ಳಿ. ಇಲ್ಲವೇ ನಿಮ್ಮ ತೋಟದಲ್ಲೇ ಗಾಳಿಗೆ ಬಿದ್ದ ಕೊಂಬೆಗಳನ್ನು ಒಲೆಗೆ ಹಾಕುವ ಮುಂಚೆ ಒಮ್ಮೆ ತಿರುಗಿಸಿ ನೋಡಿ.